ಹಳೆಯ ಹಳಿ, ಹೊಸ ತಂತಿ: ನಮ್ಮ ರೈಲ್ವೆಯ ವಯಸ್ಸಿನ ಲೆಕ್ಕ

2023ರ ಫೆಬ್ರವರಿ 8. ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತ್ತು. ಸ್ಟೇಷನ್ ಮಾಸ್ಟರ್ ಎದುರಿನ ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಕೆಳಗೆ ಹಳಿಯಲ್ಲಿ ಪಾಯಿಂಟ್ ಬೇರೆ ಲೈನಿಗೆ ತಿರುಗಿ ಕೂತಿತ್ತು. ಪಾಯಿಂಟ್ ಅಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ. ಲೋಕೋ ಪೈಲಟ್ ಕಣ್ಣಿಗೆ ಅದು ಬಿತ್ತು, ಗಾಡಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ.

ಮಾರನೇ ದಿನ ನೈರುತ್ಯ ರೈಲ್ವೆಯ ಹಿರಿಯ ಕಾರ್ಯಾಚರಣೆ ಅಧಿಕಾರಿಯೊಬ್ಬರು ಪತ್ರ ಬರೆದರು. ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಪ್ಯಾನೆಲ್‌ನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿದ್ದರೂ ರೈಲು ಹೊರಟ ಮೇಲೆ ದಾರಿ ಬದಲಾಗುತ್ತಿದೆ, ಬೇಗ ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆದೀತು ಎಂಬುದು ಅದರ ಸಾರ.

ಆಮೇಲೆ ನಾಲ್ಕು ತಿಂಗಳೂ ಕಳೆಯಲಿಲ್ಲ. ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಲೈನಿನ ಹಸಿರು ಸಿಗ್ನಲ್ ಸಿಕ್ಕಿತು. ಪಾಯಿಂಟ್ ಮಾತ್ರ ಪಕ್ಕದ ಲೂಪ್ ಲೈನಿಗೆ ತಿರುಗಿತ್ತು. ಅಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಅದಕ್ಕೆ ಗುದ್ದಿ ಹಳಿ ತಪ್ಪಿದ ಬೋಗಿಗಳು, ಅದೇ ಹೊತ್ತಿಗೆ ಆಚೆ ಲೈನಿನಲ್ಲಿ ಹಾದುಹೋಗುತ್ತಿದ್ದ ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್‌ನ ಹಿಂದಿನ ಬೋಗಿಗಳಿಗೂ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು.

ಇಷ್ಟು ದೊಡ್ಡ ಅಪಘಾತ ಆದಾಗ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ಎಲ್ಲ ಬ್ರಿಟಿಷರ ಕಾಲದ್ದು, ಹಳೆಯದಾಗಿದೆ" ಎಂದು ಅಲ್ವಾ? ಬಹನಾಗಾದಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಸನ್ನೆಕೋಲಿನ ಸಿಗ್ನಲ್ ಅಲ್ಲ, ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್, ಅಂದರೆ ಪಾಯಿಂಟ್ ಮತ್ತು ಸಿಗ್ನಲ್ ಒಂದಕ್ಕೊಂದು ಹೊಂದಿದ್ದರೆ ಮಾತ್ರ ದಾರಿ ಬಿಡಬೇಕಾದ ಕಂಪ್ಯೂಟರ್ ವ್ಯವಸ್ಥೆ. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಹೊರಬಂದ ಕಾರಣ ಇನ್ನೂ ಸಣ್ಣದು. ಹಿಂದೆ 2018ರಲ್ಲಿ ಅಲ್ಲಿನ ಸಿಗ್ನಲ್ ಗುಮ್ಟಿಯಲ್ಲಿ, ಅಂದರೆ ಸಿಗ್ನಲ್ ತಂತಿಗಳಿರುವ ಸಣ್ಣ ಕೊಠಡಿಯಲ್ಲಿ, ವೈರಿಂಗ್ ಬದಲಿಸಿದ್ದರು. ಬದಲಾದದ್ದು ನಕ್ಷೆಯಲ್ಲೂ ತಂತಿಗಳಿಗೆ ಅಂಟಿಸಿದ ಹೆಸರಿನಲ್ಲೂ ಸರಿಯಾಗಿ ದಾಖಲಾಗಿರಲಿಲ್ಲ. ಅಪಘಾತದ ದಿನ 94ನೇ ನಂಬರಿನ ಗೇಟಿಗೆ ಹೊಸ ವಿದ್ಯುತ್ ತಡೆಗಂಬ ಜೋಡಿಸುವ ಕೆಲಸ ನಡೆಯಿತು. ಕೆಲಸದವರು ತಂತಿಯ ಮೇಲಿನ ಹೆಸರನ್ನು ನಂಬಿದರು. ಹೆಸರು ಸುಳ್ಳು ಹೇಳುತ್ತಿತ್ತು.

ಹಳೆಯದಾದ ಯಂತ್ರ, ಸೇತುವೆ, ಹಳಿಗಳಿಂದಲೇ ಅಪಾಯ ಬರುವುದಿಲ್ಲ. ಅದಕ್ಕೆ ಎಷ್ಟು ವಯಸ್ಸಾಗಿದೆ, ಎಲ್ಲಿ ಸವೆದಿದೆ, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಲೆಕ್ಕ ಕೈತಪ್ಪಿದಾಗ ಅಪಾಯ ಬರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಹಾಕುವ ದಿನ ಅದು ಎಲ್ಲಕ್ಕಿಂತ ಜಾಸ್ತಿ. ರೈಲ್ವೆಯ ಹಳೆಯ ಆಸ್ತಿಯನ್ನು ಹೇಗೆ ನಿಭಾಯಿಸಬೇಕು ಅನ್ನುವ ಚರ್ಚೆಯನ್ನು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ತೂಕದಲ್ಲಿ ಎಣಿಸುವ ವಯಸ್ಸು

ಹಳಿಯ ವಯಸ್ಸನ್ನು ವರ್ಷದಲ್ಲಿ ಎಣಿಸುವುದಿಲ್ಲ. ಅದರ ಮೇಲೆ ಹಾದುಹೋದ ತೂಕದಲ್ಲಿ ಎಣಿಸುತ್ತಾರೆ. ಮೀಟರಿಗೆ 60 ಕಿಲೋ ತೂಗುವ ಹಳಿ ಸುಮಾರು 80 ಕೋಟಿ ಟನ್ ಭಾರ ಹೊರುವ ತನಕ ಬಾಳುತ್ತದೆ ಎಂದು ರೈಲ್ವೆಯ ನಿಯಮ ಲೆಕ್ಕ ಇಟ್ಟಿದೆ. 52 ಕಿಲೋ ಹಳಿಗೆ ಅದು 52.5 ಕೋಟಿ ಟನ್. ವರ್ಷಕ್ಕೆ ನಾಲ್ಕು ಕೋಟಿ ಟನ್ ಓಡಾಡುವ ಲೈನಿನಲ್ಲಿ 60 ಕಿಲೋ ಹಳಿ 20 ವರ್ಷಕ್ಕೇ ಮುಪ್ಪಾಗುತ್ತದೆ. ದಿನಕ್ಕೆ ನಾಲ್ಕು ರೈಲು ಓಡುವ ಊರಿನಲ್ಲಿ ಅದೇ ಹಳಿ ಎಷ್ಟೋ ಪಟ್ಟು ಹೆಚ್ಚು ಕಾಲ ಇದ್ದೀತು. ಅದಿರು, ಕಲ್ಲಿದ್ದಲು ಹೊತ್ತ ಗಾಡಿಗಳು ಸಾಲಾಗಿ ಓಡುವ ಬಳ್ಳಾರಿ, ಹೊಸಪೇಟೆ ಕಡೆಯ ಹಳಿಗೂ ಒಂದೆರಡು ಪ್ಯಾಸೆಂಜರ್ ಓಡುವ ಶಾಖಾ ಲೈನಿನ ಹಳಿಗೂ ಒಂದೇ ದಿನ ಹುಟ್ಟಿದರೂ ಒಂದೇ ವಯಸ್ಸಲ್ಲ.

ತೂಕದ ಲೆಕ್ಕವೂ ಪೂರ್ತಿ ಅಲ್ಲ. ಕರಾವಳಿಯ ಉಪ್ಪುಗಾಳಿ ಹಳಿಯನ್ನು ತಿನ್ನುತ್ತದೆ. ಹಿಂದೆ ಬೋಗಿಯ ಶೌಚಾಲಯದ ನೀರು ನೇರ ಹಳಿಗೆ ಬೀಳುತ್ತಿತ್ತು. ಅದರಿಂದ ಹಳಿ ಮತ್ತು ಅದನ್ನು ಹಿಡಿದಿಡುವ ಕ್ಲಿಪ್‌ಗಳು ಆಯಸ್ಸಿಗೆ ಮುಂಚೆಯೇ ತುಕ್ಕು ಹಿಡಿಯುತ್ತಿದ್ದವು. ಬಯೋ ಟಾಯ್ಲೆಟ್ ಬಂದದ್ದನ್ನು ನಾವು ಸ್ವಚ್ಛತೆಯ ಕೆಲಸ ಅಂದುಕೊಂಡಿದ್ದೇವೆ. ಹಳಿಯ ಆಯಸ್ಸು ಉಳಿಸಿದ ಕೆಲಸವೂ ಹೌದು.

ಬಿಸಿಲಿನ ಲೆಕ್ಕ ಇನ್ನೊಂದು. ಒಂದು ಕಿಲೋಮೀಟರ್ ಉದ್ದದ ಹಳಿಯನ್ನು ಸುಮ್ನೆ ನೆಲದ ಮೇಲೆ ಇಟ್ಟು 30 ಡಿಗ್ರಿ ಬಿಸಿ ಏರಿಸಿದರೆ ಅದು ಸುಮಾರು 34 ಸೆಂಟಿಮೀಟರ್ ಹಿಗ್ಗುತ್ತದೆ. ಈಗಿನ ಹಳಿಗಳನ್ನು ಕಿಲೋಮೀಟರ್‌ಗಟ್ಟಲೆ ಬೆಸೆದಿರುತ್ತಾರೆ, ಹಿಗ್ಗಲು ಸಂದು ಬಿಟ್ಟಿರುವುದಿಲ್ಲ. ಆ ಒತ್ತಡವನ್ನೆಲ್ಲ ಹಳಿಯ ಕೆಳಗೆ ಅಡ್ಡ ಹಾಕಿದ ಕಾಂಕ್ರೀಟ್ ಸ್ಲೀಪರ್, ಕ್ಲಿಪ್ ಮತ್ತು ಜಲ್ಲಿಕಲ್ಲು ಸೇರಿ ಹಿಡಿದುಕೊಂಡಿರಬೇಕು. ಕ್ಲಿಪ್ ಸಡಿಲಾದರೆ, ಜಲ್ಲಿ ತೆಳುವಾದರೆ, ರಾಯಚೂರು ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಹಳಿ ಹಾವಿನ ಹಾಗೆ ಡೊಂಕಾಗಬಹುದು. ಹಳಿ ಹೊಸದೇ ಆಗಿದ್ದರೂ ಅಷ್ಟೆ.

ಒಮ್ಮೆ ಅರಸೀಕೆರೆ ಕಡೆಯ ಒಂದು ಸಣ್ಣ ಸ್ಟೇಷನ್‌ನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತಾ ಕೂತಿದ್ದೆ. ಕಿತ್ತಳೆ ಜಾಕೆಟ್ ಹಾಕಿದ ಕೀಮ್ಯಾನ್ ಒಬ್ಬರು, ಅಂದರೆ ಹಳಿ ನೋಡಿಕೊಳ್ಳುವ ಕೆಲಸಗಾರರು, ಹಳಿ ಗುಂಟ ನಡೆದು ಬರುತ್ತಿದ್ದರು. ಹೆಗಲಿಗೆ ಸುತ್ತಿಗೆ, ಬೆನ್ನಿಗೆ ಚೀಲ, ಚೀಲದಲ್ಲಿ ಸ್ಪ್ಯಾನರ್ ಮತ್ತು ಸುತ್ತಿಟ್ಟ ಕೆಂಪು ಹಸಿರು ಬಾವುಟ. ನಾಲ್ಕು ಹೆಜ್ಜೆ ನಡೆಯುವುದು, ಒಂದು ಕ್ಲಿಪ್‌ಗೆ ಬಡಿಯುವುದು, ಮತ್ತೆ ನಡೆಯುವುದು. ಒಂದು ಕಡೆ ನಿಂತು ಎರಡನೇ ಸಲ ಬಡಿದರು. ಬಗ್ಗಿ ನೋಡಿದರು. ಕ್ಲಿಪ್ಪನ್ನು ಮೂರು ಏಟಿಗೆ ಒಳಗೆ ಕೂರಿಸಿ ಎದ್ದರು.

"ಸದ್ದಲ್ಲೇ ಗೊತ್ತಾಗುತ್ತಾ ಅಣ್ಣಾ?" ಎಂದು ಕೇಳಿದೆ.

"ಗೊತ್ತಾಗ್ದೆ ಏನ್ ಸಾರ್. ಗಟ್ಟಿ ಇದ್ರೆ ಠಣ್ ಅನ್ನುತ್ತೆ. ಸಡಿಲ ಆಗಿದ್ರೆ ಸದ್ದು ಸತ್ತಿರುತ್ತೆ."

ಆಮೇಲೆ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು, ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರು ನೋಡಿ, ಏನೋ ಬರೆದುಕೊಂಡರು. ದಿನಕ್ಕೆ ಐದಾರು ಕಿಲೋಮೀಟರ್ ಹೀಗೆ. ಒಂದು ಕಿಲೋಮೀಟರಿಗೆ 1,660 ಸ್ಲೀಪರ್, ಒಂದೊಂದಕ್ಕೂ ನಾಲ್ಕು ಕ್ಲಿಪ್. ಹಳಿಯ ಒಳಗಿನ ಬಿರುಕು ಕಿವಿಗೆ ಕೇಳಿಸುವುದಿಲ್ಲ. ಅದಕ್ಕೆ ಅಲ್ಟ್ರಾಸೋನಿಕ್ ಯಂತ್ರ ತಳ್ಳಿಕೊಂಡು ಹೋಗುತ್ತಾರೆ. ಹಳಿಯ ಏರಿಳಿತ ಅಳೆಯಲು ಟ್ರ್ಯಾಕ್ ರೆಕಾರ್ಡಿಂಗ್ ಗಾಡಿ ಓಡಿಸುತ್ತಾರೆ. ಆದರೆ ಆ ಯಂತ್ರಗಳು ನಿಗದಿ ಮಾಡಿದಷ್ಟು ಸಲ ಓಡಿವೆಯೇ? ಹಳಿ ತಪ್ಪಿದ ಪ್ರಕರಣಗಳ ಬಗ್ಗೆ ಮಹಾಲೇಖಪಾಲರು, ಅಂದರೆ ಸಿಎಜಿ, 2022ರಲ್ಲಿ ಕೊಟ್ಟ ವರದಿ ಈ ರೆಕಾರ್ಡಿಂಗ್ ಗಾಡಿಯ ತಪಾಸಣೆಯಲ್ಲಿ ಶೇ. 30ರಿಂದ 100ರವರೆಗೆ ಕೊರತೆ ಕಂಡಿತ್ತು. ನೂರಕ್ಕೆ ನೂರು ಕೊರತೆ ಅಂದರೆ ಆ ಜಾಗದಲ್ಲಿ ಗಾಡಿ ಒಂದು ಸಲವೂ ಹೋಗಿಲ್ಲ ಎಂದರ್ಥ. ಕೀಮ್ಯಾನ್ ಪುಸ್ತಕದಲ್ಲಿ ದಿನವೂ ಒಂದು ಸಾಲು ಬೀಳುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಪುಸ್ತಕ ಖಾಲಿ ಬಿದ್ದಿರಬಾರದಿತ್ತು.

ನೂರು ದಾಟಿದ ಸೇತುವೆಗಳು

ನಮ್ಮ ರೈಲ್ವೆಯಲ್ಲಿ ಸುಮಾರು ಒಂದೂವರೆ ಲಕ್ಷ ಸೇತುವೆಗಳಿವೆ. ಅವುಗಳಲ್ಲಿ ಸುಮಾರು 37 ಸಾವಿರಕ್ಕೆ ನೂರು ವರ್ಷ ದಾಟಿದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕಲ್ಲಿನ ಕಮಾನು ಸೇತುವೆಗೆ ನೂರು ವರ್ಷ ದೊಡ್ಡ ವಯಸ್ಸಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪ್ರತಿ ಸೇತುವೆಯನ್ನೂ ನೋಡಬೇಕು, ಸ್ಥಿತಿಗೆ ಅಂಕ ಕೊಡಬೇಕು, ಅಂಕ ನೋಡಿ ದುರಸ್ತಿಯೋ ಬದಲಿಯೋ ಎಂದು ತೀರ್ಮಾನಿಸಬೇಕು ಎನ್ನುವುದು ರೈಲ್ವೆಯ ಪದ್ಧತಿ. ಪದ್ಧತಿ ಸರಿಯಾಗಿದೆ. ವಯಸ್ಸು ನೋಡಿ ಎಲ್ಲ ಕೆಡವುತ್ತಾ ಹೋದರೆ ದುಡ್ಡೂ ಸಾಲದು, ಅಷ್ಟು ಸಿಮೆಂಟು ಕಬ್ಬಿಣ ಸುಡುವುದರಲ್ಲಿ ಅರ್ಥವೂ ಇಲ್ಲ.

ಆದರೆ ಬದಲಿಸುವ ತೀರ್ಮಾನ ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ಪಾಂಬನ್ ಸೇತುವೆ ಇದೆ. ರಾಮೇಶ್ವರಕ್ಕೆ ಹೋಗುವ ಈ ಸಮುದ್ರ ಸೇತುವೆ ತೆರೆದದ್ದು 1914ರಲ್ಲಿ. 1964ರ ಚಂಡಮಾರುತದಲ್ಲಿ ಮುರಿದುಬಿದ್ದಾಗ ಇ. ಶ್ರೀಧರನ್ ಅವರ ತಂಡ 46 ದಿನದಲ್ಲಿ ಎತ್ತಿ ನಿಲ್ಲಿಸಿತು. ಮೀಟರ್ ಗೇಜಿಗೆ, ಅಂದರೆ ಕಡಿಮೆ ಅಗಲದ ಹಳಿಗೆ ಕಟ್ಟಿದ್ದನ್ನು 2007ರಲ್ಲಿ ಅಗಲ ಹಳಿಯ ಬ್ರಾಡ್‌ಗೇಜಿಗೆ ಒಗ್ಗಿಸಿದರು. ಅಂದರೆ ತೊಂಬತ್ತು ದಾಟಿದ ಸೇತುವೆಯ ಮೇಲೆ ಹೊಸ ಭಾರ ಬಿತ್ತು. 2022ರ ಡಿಸೆಂಬರ್‌ನಲ್ಲಿ ಸುರಕ್ಷತೆಯ ಕಾರಣಕ್ಕೆ ರೈಲು ನಿಲ್ಲಿಸಲೇಬೇಕಾಯಿತು. ಹೊಸ ಸೇತುವೆ ತೆರೆದದ್ದು 2025ರ ಏಪ್ರಿಲ್ 6ಕ್ಕೆ. ನಡುವೆ ಎರಡು ವರ್ಷಕ್ಕೂ ಮೇಲೆ ಯಾತ್ರಿಕರು ದಡದಲ್ಲೇ ಇಳಿದು ಬಸ್ಸು ಹಿಡಿದರು. ಕರ್ನಾಟಕದಿಂದ ರಾಮೇಶ್ವರಕ್ಕೆ ಹೋದ ಎಷ್ಟೋ ಮನೆಯವರಿಗೆ ಇದು ಗೊತ್ತು.

ಹೊಸ ಸೇತುವೆಯ ಕಥೆಯೂ ಗಮನಿಸಬೇಕಾದದ್ದು. 72.5 ಮೀಟರ್ ಉದ್ದದ ನಡುಭಾಗ ಲಿಫ್ಟ್‌ನಂತೆ ನೇರ ಮೇಲೇಳುತ್ತದೆ, ಹಡಗು ಕೆಳಗೆ ಹಾದುಹೋಗುತ್ತದೆ. ಒಳ್ಳೆಯ ಎಂಜಿನಿಯರಿಂಗ್. ಆದರೆ ತೆರೆಯುವ ಮುಂಚೆ ಪರಿಶೀಲಿಸಿದ ಸುರಕ್ಷತಾ ಆಯುಕ್ತರು ಯೋಜನೆಯ ಹಂತದಿಂದಲೇ ಲೋಪಗಳಿವೆ ಎಂದು ಬರೆದರು. ಉಪ್ಪುಗಾಳಿಯ ತುಕ್ಕಿಗೆ ಕೈಗೊಂಡ ಕ್ರಮ ಸಾಲದು ಎಂಬ ಮಾತೂ ಅದರಲ್ಲಿತ್ತು. ಆಮೇಲೆ ಗಂಟೆಗೆ 75 ಕಿಲೋಮೀಟರ್, ಎತ್ತುವ ಭಾಗದಲ್ಲಿ 50 ಎಂಬ ಮಿತಿಯೊಂದಿಗೆ ಒಪ್ಪಿಗೆ ಸಿಕ್ಕಿತು. ಸೇತುವೆ ಹುಟ್ಟಿದ ದಿನವೇ ಅದರ ಮುಪ್ಪಿನ ಯೋಚನೆ ಮಾಡಿರಬೇಕು ಅನ್ನುವುದು ಇದಕ್ಕೇ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಸಮಸ್ಯೆ ಬೇರೆ ಥರ. 55 ಕಿಲೋಮೀಟರ್, 57 ಸುರಂಗ, 50 ಮೀಟರಿಗೆ ಒಂದು ಮೀಟರ್ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ದಾರಿ, ಹತ್ತು ವರ್ಷ ಮುಚ್ಚಿದ್ದು ಬ್ರಾಡ್‌ಗೇಜಾಗಿ 2006ರಲ್ಲಿ ಗೂಡ್ಸಿಗೆ, 2007ರ ಕೊನೆಗೆ ಪ್ರಯಾಣಿಕರಿಗೆ ಸಿಕ್ಕಿತು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ಅಲ್ಲಿನ ಹಳಿ ಸವೆದಿರಲಿಲ್ಲ. ಆದರೆ ಮೋರಿ, ಚರಂಡಿ, ತಡೆಗೋಡೆಗಳ ಅಳತೆ ಯಾವ ಕಾಲದ ಮಳೆಗೆ ಹಾಕಿದ್ದು? ಈಗ ಮಳೆ ಬೀಳುವ ರೀತಿ ಬೇರೆ. ಒಂದು ವಾರದ ಮಳೆ ಒಂದು ರಾತ್ರಿಗೆ ಸುರಿಯುತ್ತದೆ. ನೀರು ಹೋಗುವ ದಾರಿಯ ಲೆಕ್ಕ ಹಳೆಯದಾದರೆ, ಮೇಲಿನ ಹಳಿ ಎಷ್ಟು ಹೊಸದಾಗಿದ್ದು ಏನು ಪ್ರಯೋಜನ?

ಹೊಸದಕ್ಕೇ ಬೇಗ ಮುಪ್ಪು

ಕಲ್ಲಿನ ಸೇತುವೆ ನೂರು ವರ್ಷ ಬಾಳುತ್ತದೆ. ಲಿವರ್ ಎಳೆದು ಕೈ ಇಳಿಸುವ ಹಳೆಯ ಸಿಗ್ನಲ್ ಎಣ್ಣೆ ಹಾಕುತ್ತಿದ್ದರೆ ಎರಡು ತಲೆಮಾರು ನಡೆಯುತ್ತಿತ್ತು. ಅದರ ಬಿಡಿಭಾಗವನ್ನು ಊರ ಕಮ್ಮಾರನೂ ಮಾಡಿಕೊಡಬಹುದಿತ್ತು. ಎಲೆಕ್ಟ್ರಾನಿಕ್ ಕಾರ್ಡುಗಳ ಪಾಡು ಹಾಗಲ್ಲ. ಹತ್ತು ಹದಿನೈದು ವರ್ಷಕ್ಕೆ ಆ ಚಿಪ್ ತಯಾರಿಸುವವರೇ ಇರುವುದಿಲ್ಲ. ತಂತ್ರಾಂಶ ಬರೆದವರು ಬೇರೆ ಕಡೆ ಹೋಗಿರುತ್ತಾರೆ.

ನಮ್ಮವರು ಸಾವಿರಾರು ಜನ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾವನ್ನೇ ನೋಡಿ. ಕಂಪ್ಯೂಟರ್ ಲೋಕದ ತವರು. ಅಲ್ಲಿನ ನಗರ ರೈಲು ಮ್ಯೂನಿಯ ನಿಯಂತ್ರಣ ವ್ಯವಸ್ಥೆ 1998ರದು. ದಿನವೂ ಬೆಳಗ್ಗೆ ಅದನ್ನು ಶುರು ಮಾಡಲು ಫ್ಲಾಪಿ ಡಿಸ್ಕ್ ಬೇಕು. ಇಪ್ಪತ್ತೈದು ವರ್ಷಕ್ಕೂ ಮೇಲೆ ಅದರಲ್ಲೇ ಓಡಿಸಿ, 2024ರಲ್ಲಿ ಹಿಟಾಚಿ ಕಂಪನಿಗೆ 21.2 ಕೋಟಿ ಡಾಲರಿನ ಗುತ್ತಿಗೆ ಕೊಟ್ಟರು. ಹಣ, ಜ್ಞಾನ ಎರಡೂ ಇರುವ ಊರಿಗೇ ಹೀಗಾದರೆ ಇದನ್ನು ಹಗುರವಾಗಿ ತಗೊಳ್ಳುವಂತಿಲ್ಲ.

ನಮ್ಮಲ್ಲಿ ಈಗ 6,600ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಪಾಯಿಂಟ್ ಮತ್ತು ಸಿಗ್ನಲ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಆಧುನಿಕ ಇಂಟರ್‌ಲಾಕಿಂಗ್ ಇದೆ. ಒಳ್ಳೆಯದೇ. ಆದರೆ ಒಂದೇ ಕಾಲಕ್ಕೆ ಹಾಕಿದ್ದು ಒಂದೇ ಕಾಲಕ್ಕೆ ಹಳತಾಗುತ್ತದೆ. ಆ ದಿನಕ್ಕೆ ಹಣ, ಜನ, ಬಿಡಿಭಾಗ ಈಗಲೇ ಯೋಚಿಸಬೇಕು. ರೈಲುಗಳ ಡಿಕ್ಕಿ ತಪ್ಪಿಸುವ ಕವಚ್ ವ್ಯವಸ್ಥೆಯಲ್ಲಿ ಇದು ಆಗಲೇ ಕಂಡಿದೆ. ಅದರ ಮೊದಲ ಪ್ರಯೋಗ ನಡೆದದ್ದು ನಮ್ಮ ವಾಡಿ, ಬೀದರ್‌ಗಳನ್ನು ಮುಟ್ಟುವ ದಕ್ಷಿಣ ಮಧ್ಯ ರೈಲ್ವೆಯ ಲೈನುಗಳಲ್ಲಿ. ಅಲ್ಲಿಂದ 1,465 ಕಿಲೋಮೀಟರಿಗೆ ಬೆಳೆಯಿತು. 2024ರ ಜುಲೈನಲ್ಲಿ ಕವಚ್ 4.0ಗೆ ಒಪ್ಪಿಗೆ ಸಿಕ್ಕಿತು. ಮೊದಲು ಹಾಕಿದ್ದನ್ನೆಲ್ಲ ಈಗ ಹೊಸ ಆವೃತ್ತಿಗೆ ಏರಿಸಬೇಕು. ಹಾಕಿ ಹೆಚ್ಚು ವರ್ಷ ಆಗಿಲ್ಲ, ಆಗಲೇ ಹಳೆಯದು. ತಪ್ಪು ಯಾರದ್ದೂ ಅಲ್ಲ, ಈ ತಂತ್ರಜ್ಞಾನದ ಗುಣವೇ ಹಾಗೆ. ಕೊಳ್ಳುವ ದಿನದ ಬೆಲೆಗಿಂತ ಬಾಳುವ ದಿನಗಳ ಬೆಲೆ ದೊಡ್ಡದು ಎಂದು ಟೆಂಡರ್ ಬರೆಯುವಾಗಲೇ ತಿಳಿದಿರಬೇಕು.

ತೆಗೆದಿಡದ ಹಣ

ಪಂಪ್‌ಸೆಟ್ ಕೊಂಡ ರೈತ ಪ್ರತಿ ಬೆಳೆಯಲ್ಲೂ ಸ್ವಲ್ಪ ತೆಗೆದಿಟ್ಟರೆ, ಮೋಟರ್ ಸುಟ್ಟ ದಿನ ಸಾಲಕ್ಕೆ ಓಡಬೇಕಿಲ್ಲ. ರೈಲ್ವೆಗೂ ಅಂಥದ್ದೇ ಒಂದು ಡಬ್ಬಿ ಇದೆ. ಅದರ ಹೆಸರು ಸವಕಳಿ ಮೀಸಲು ನಿಧಿ. ಗಳಿಕೆಯಲ್ಲಿ ಒಂದು ಪಾಲು ಅದಕ್ಕೆ ಹಾಕಿ, ಆಯಸ್ಸು ಮುಗಿದ ಹಳಿ, ಬೋಗಿ, ಸಿಗ್ನಲ್ ಬದಲಿಸಬೇಕು.

2020–21ರ ಕೊನೆಗೆ ಹೀಗೆ ಬದಲಿಸಬೇಕಾಗಿ ಬಾಕಿ ಉಳಿದ ಆಸ್ತಿಯ ಮೌಲ್ಯ ₹94,873 ಕೋಟಿ ಎಂದು ಸಿಎಜಿ ಲೆಕ್ಕ ಹಾಕಿತು. ಆ ವರ್ಷ ಡಬ್ಬಿಗೆ ಬಿದ್ದದ್ದು ₹200 ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕಾರಣ ಗುಟ್ಟಿನದಲ್ಲ. ರೈಲ್ವೆ ನೂರು ರೂಪಾಯಿ ಗಳಿಸಲು 98 ರೂಪಾಯಿ ಖರ್ಚು ಮಾಡುತ್ತದೆ. ಸಂಬಳ, ಪಿಂಚಣಿ, ಕರೆಂಟು ಕೊಟ್ಟ ಮೇಲೆ ತೆಗೆದಿಡಲು ಉಳಿಯುವುದು ಚಿಲ್ಲರೆ. ಟಿಕೆಟ್ ದರ ಏರಿಸಿದರೆ ಜನರಿಗೆ ಹೊರೆ. ಸವಕಳಿಗೆ ಕಡಿಮೆ ಇಟ್ಟರೆ ಆ ವರ್ಷ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವುದು ಅಲ್ಲಿಗೇ.

ಬಾಕಿ ಬೆಟ್ಟವಾದಾಗ ವಿಶೇಷ ನಿಧಿ ಮಾಡುವುದು ನಮ್ಮ ರೂಢಿ. 2001ರಲ್ಲಿ ಖನ್ನಾ ಸಮಿತಿಯ ಸಲಹೆಯಂತೆ ₹17,000 ಕೋಟಿಯ ಸುರಕ್ಷತಾ ನಿಧಿ ಬಂತು. ಟಿಕೆಟ್ ಮೇಲೆ ಸುರಕ್ಷತಾ ಸರ್‌ಚಾರ್ಜ್ ಹಾಕಿದರು, ಜನ ಕೊಟ್ಟರು. 2008ರ ಹೊತ್ತಿಗೆ ಹಳೆಯ ಬಾಕಿ ಬಹಳಷ್ಟು ತೀರಿತು. ನನ್ನ ಪ್ರಕಾರ ಅದು ನಮ್ಮ ರೈಲ್ವೆ ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ದಿನನಿತ್ಯದ ತೆಗೆದಿಡುವ ಅಭ್ಯಾಸ ಬರಲಿಲ್ಲ, ಬಾಕಿ ಮತ್ತೆ ಬೆಳೆಯಿತು. 2012ರಲ್ಲಿ ಕಾಕೋಡ್ಕರ್ ಸಮಿತಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ಬೇಕು ಎಂದಿತು. 2017ರಲ್ಲಿ ಅಷ್ಟೇ ಮೊತ್ತದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಬಂತು. ಅದಕ್ಕೆ ರೈಲ್ವೆ ತನ್ನ ಗಳಿಕೆಯಿಂದ ವರ್ಷಕ್ಕೆ ₹5,000 ಕೋಟಿ ಹಾಕಬೇಕಿತ್ತು. ಮೊದಲ ನಾಲ್ಕು ವರ್ಷದ ₹20,000 ಕೋಟಿಯಲ್ಲಿ ₹15,775 ಕೋಟಿ ಹಾಕಲೇ ಇಲ್ಲ. ಇದ್ದ ಹಣದಲ್ಲೂ ಪೀಠೋಪಕರಣ, ಪಿಂಗಾಣಿ ಪಾತ್ರೆ, ಕಾಲು ಒತ್ತುವ ಯಂತ್ರ ಕೊಂಡದ್ದನ್ನು ಸಿಎಜಿ ಪಟ್ಟಿ ಮಾಡಿತು. ಅದೇ ನಾಲ್ಕು ವರ್ಷಗಳ 1,127 ಹಳಿ ತಪ್ಪಿದ ಪ್ರಕರಣಗಳಲ್ಲಿ 289 ಹಳಿ ಬದಲಾವಣೆಗೆ ಸಂಬಂಧಪಟ್ಟವು. ಸಾವು ನೋವು ತಪ್ಪಿಸಬೇಕಾದ ಕೆಲಸದ ದುಡ್ಡು ಹೀಗೆ ಹೋಗಿದ್ದನ್ನು ಓದುವಾಗ ಸಿಟ್ಟು ಬರುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 2000–01ರಲ್ಲಿ ರೈಲ್ವೆ ಲೆಕ್ಕಕ್ಕೆ ಹಿಡಿಯುವ ದೊಡ್ಡ ಅಪಘಾತಗಳು 473. 2023–24ರಲ್ಲಿ 40. ಬ್ರಾಡ್‌ಗೇಜಿನಲ್ಲಿ ಕಾವಲಿಲ್ಲದ ಗೇಟುಗಳೇ ಈಗಿಲ್ಲ, 2019ರ ಜನವರಿಗೆ ಎಲ್ಲ ತೆಗೆದರು. ಡಿಕ್ಕಿಯಾದರೆ ಒಂದರ ಮೇಲೊಂದು ಏರುತ್ತಿದ್ದ ಹಳೆಯ ಐಸಿಎಫ್ ಬೋಗಿಗಳ ತಯಾರಿಕೆ 2018ರಲ್ಲಿ ನಿಂತು, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು ಬರುತ್ತಿವೆ. ಖರ್ಚು ಮಾಡಿದ ಕಡೆ ಫಲ ಸಿಕ್ಕಿದೆ. ಅದಕ್ಕೇ ತೆಗೆದಿಡದ ಹಣದ ಬಗ್ಗೆ ಇಷ್ಟು ಜೋರಾಗಿ ಹೇಳುವುದು.

ಸಮಯವೂ ಬೇಕು

ಹಣ ಇದ್ದರೂ ಹಳಿ ಬದಲಿಸಲು ರೈಲು ನಿಲ್ಲಬೇಕು. ರೈಲ್ವೆಯವರು ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಇಂತಿಷ್ಟು ಗಂಟೆ ಈ ಲೈನಿನಲ್ಲಿ ಗಾಡಿ ಬಿಡುವುದಿಲ್ಲ, ನೀವು ಕೆಲಸ ಮಾಡಿಕೊಳ್ಳಿ ಎಂಬ ಒಪ್ಪಂದ. ಲೈನು ತುಂಬಿದಷ್ಟೂ ಬ್ಲಾಕ್ ಸಿಗುವುದು ಕಷ್ಟ. ಲೈನು ತುಂಬಿದಷ್ಟೂ ಹಳಿ ಸವೆಯುವುದು ಜಾಸ್ತಿ. ಯಾವ ಲೈನಿಗೆ ದುರಸ್ತಿ ಹೆಚ್ಚು ಬೇಕೋ ಅಲ್ಲೇ ಸಮಯ ಕಡಿಮೆ.

2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯಲ್ಲಿ ಉತ್ಕಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿ 20ಕ್ಕೂ ಹೆಚ್ಚು ಜನ ಸತ್ತದ್ದು ನೆನಪಿರಬಹುದು. ಅಲ್ಲಿ ಹಳಿ ಸರಿಮಾಡುವ ಕೆಲಸ ನಡೆಯುತ್ತಿತ್ತು. ಬ್ಲಾಕ್ ಇರಲಿಲ್ಲ. ಕೆಲಸ ಅರ್ಧವಾಗಿದ್ದಾಗಲೇ ಗಾಡಿ ಬಂತು. ದುರಸ್ತಿ ಮಾಡದೆ ಬಿಟ್ಟದ್ದಕ್ಕೆ ಅಪಘಾತ ಆಗುವುದುಂಟು. ಇಲ್ಲಿ ದುರಸ್ತಿ ಮಾಡುತ್ತಿದ್ದದ್ದೇ ಅಪಘಾತವಾಯಿತು.

ಬ್ರಿಟನ್ ಈ ಪಾಠವನ್ನು ಬೇರೆ ಥರ ಕಲಿತಿತು. 2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಬಿರುಕು ಬಿಟ್ಟ ಹಳಿ ಚೂರಾಗಿ ರೈಲು ಉರುಳಿತು, ನಾಲ್ವರು ಸತ್ತರು. ಆ ಹಳಿ ಕೆಟ್ಟಿದೆ ಎಂದು ಮೊದಲೇ ಗೊತ್ತಿತ್ತು. ಬದಲಿ ಹಳಿ ಸ್ಥಳಕ್ಕೆ ಬಂದೂ ಇತ್ತು, ಹಾಕಿರಲಿಲ್ಲ. ಅಂಥ ಬಿರುಕು ದೇಶದಲ್ಲಿ ಇನ್ನೆಲ್ಲಿ ಇದೆ ಎಂದು ಅಲ್ಲಿನ ಹಳಿಗಳ ಒಡೆತನದ ರೈಲ್‌ಟ್ರ್ಯಾಕ್ ಕಂಪನಿಗೆ ಗೊತ್ತಿರಲಿಲ್ಲ. ಹೆದರಿ ಸಾವಿರಕ್ಕೂ ಹೆಚ್ಚು ಕಡೆ ವೇಗ ಇಳಿಸಿದರು, ದೇಶದ ರೈಲು ಸಂಚಾರವೇ ತಿಂಗಳುಗಟ್ಟಲೆ ಅಸ್ತವ್ಯಸ್ತವಾಯಿತು. ಆ ಕಂಪನಿ ಉಳಿಯಲಿಲ್ಲ. 2002ರಲ್ಲಿ ಅದರ ಜಾಗಕ್ಕೆ ನೆಟ್‌ವರ್ಕ್ ರೈಲ್ ಬಂತು.

ನಮ್ಮಲ್ಲಿ 2023ರ ನವೆಂಬರ್‌ನಲ್ಲಿ ರೋಲಿಂಗ್ ಬ್ಲಾಕ್ ಎಂಬ ಕ್ರಮ ನಿಯಮದೊಳಗೆ ಬಂದಿದೆ. 52 ವಾರ ಮುಂಚೆಯೇ ಯಾವ ಲೈನಿಗೆ ಯಾವಾಗ ಕೆಲಸ ಎಂದು ಯೋಜಿಸಿ, ವಾರ ವಾರ ಮುಂದಕ್ಕೆ ಸರಿಸುತ್ತಾ ಹೋಗುವುದು. ಇದು ಕಾಗದದಲ್ಲಿ ಉಳಿಯದೆ ನಡೆದರೆ, ಮೊದಲ ದಿನವೇ ವೇಳಾಪಟ್ಟಿಯಲ್ಲಿ ದುರಸ್ತಿಗೆ ಜಾಗ ಬಿಟ್ಟಂತೆ. ಹೊಸ ರೈಲಿಗೆ ಬೇಡಿಕೆ ಇಡುವ ನಮ್ಮ ಸಂಸದರು, ಪ್ರಯಾಣಿಕರ ಸಂಘಗಳು ಅದೇ ಮನವಿಯಲ್ಲಿ ಈ ಲೈನಿಗೆ ದಿನಕ್ಕೆ ಎಷ್ಟು ಗಂಟೆ ಬ್ಲಾಕ್ ಸಿಗುತ್ತಿದೆ ಎಂದೂ ಕೇಳಬೇಕು.

ಯಲಹಂಕದ ಕುಲುಮೆ

ಹಳೆಯದನ್ನು ತೆಗೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಈ ವಿಷಯದಲ್ಲಿ ರೈಲ್ವೆ ಬಹಳ ಹಿಂದಿನಿಂದಲೂ ಜಾಣತನ ತೋರಿಸಿದೆ. ಮುಖ್ಯ ಲೈನಿನಿಂದ ತೆಗೆದ ಹಳಿ ಇನ್ನೂ ಗಟ್ಟಿ ಇದ್ದರೆ ಯಾರ್ಡಿಗೆ, ಸೈಡಿಂಗಿಗೆ ಹೋಗುತ್ತದೆ. ಅಲ್ಲೂ ಸವೆದರೆ ಬೇಲಿಯ ಕಂಬ. ಪ್ರಯಾಣಿಕರನ್ನು ಹೊತ್ತು ದಣಿದ ಐಸಿಎಫ್ ಬೋಗಿಗಳ ಕಿಟಕಿ ಮುಚ್ಚಿ, ಕೊನೆಗೆ ಬಾಗಿಲಿಟ್ಟು, ಕಾರು ಸಾಗಿಸುವ ಗಾಡಿ ಮಾಡುತ್ತಾರೆ. ಆ ಕೀಮ್ಯಾನ್ ಸಿಕ್ಕ ಸ್ಟೇಷನ್‌ನ ಚಾವಣಿಯ ಕಂಬಗಳೂ ಹಳೆಯ ಹಳಿಗಳೇ. ಬಣ್ಣದ ಪದರದ ಕೆಳಗೆ ಬೆರಳಾಡಿಸಿದರೆ ಉಬ್ಬಿದ ಅಕ್ಷರಗಳು ಸಿಗುತ್ತಿದ್ದವು. ತಯಾರಿಸಿದವರ ಹೆಸರು ಅರ್ಧ ಅಳಿಸಿತ್ತು. 18ರಿಂದ ಶುರುವಾಗುವ ಇಸವಿ ಮಾತ್ರ ಸ್ಪಷ್ಟವಾಗಿತ್ತು.

ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆ ಇದೆ. ದೇಶದ ಮೂಲೆ ಮೂಲೆಯಿಂದ ಸವೆದ ಗಾಲಿ, ಮುರಿದ ಆಕ್ಸಲ್, ಹಳೆಯ ಕಬ್ಬಿಣ ಅಲ್ಲಿಗೆ ಬರುತ್ತದೆ. ವಿದ್ಯುತ್ ಕುಲುಮೆಯಲ್ಲಿ ಅದನ್ನು ಕರಗಿಸುತ್ತಾರೆ. ಕರಗಿದ ಉಕ್ಕನ್ನು ಮೇಲಿಂದ ಸುರಿಯುವುದಿಲ್ಲ. ಪಾತ್ರೆಯನ್ನು ಮುಚ್ಚಿದ ತೊಟ್ಟಿಯೊಳಗೆ ಇಟ್ಟು ಗಾಳಿಯ ಒತ್ತಡ ಕೊಡುತ್ತಾರೆ. ಉಕ್ಕು ಒಂದು ಕೊಳವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಏರಿ ಗ್ರಾಫೈಟ್ ಅಚ್ಚನ್ನು ನಿಧಾನ ತುಂಬುತ್ತದೆ. ಹಾಗೆ ತುಂಬಿದರೆ ಒಳಗೆ ಗಾಳಿಗುಳ್ಳೆ ಉಳಿಯುವುದು ಕಡಿಮೆ.

ಆರಿದ ಮೇಲೆ ಗಾಲಿಯನ್ನು ಶಾಖ ಕೊಟ್ಟು ಹದ ಮಾಡುತ್ತಾರೆ, ಅಲ್ಟ್ರಾಸೋನಿಕ್‌ನಲ್ಲಿ ನೋಡುತ್ತಾರೆ. ಅದರ ಮೈಮೇಲೆ ನಂಬರು ಒತ್ತಿರುತ್ತಾರೆ. ಯಾವ ಕಾರ್ಖಾನೆ, ಯಾವ ವರ್ಷ, ಯಾವ ಎರಕ ಎಂದು. ನಾಳೆ ಎಲ್ಲೋ ಒಂದು ಗಾಲಿಯಲ್ಲಿ ಬಿರುಕು ಕಂಡರೆ, ಆ ನಂಬರು ಹಿಡಿದು ಅದೇ ದಿನ, ಅದೇ ಕುಲುಮೆಯಿಂದ ಬಂದ ಬೇರೆ ಗಾಲಿಗಳು ಯಾವುವು ಎಂದು ಪತ್ತೆ ಮಾಡಬಹುದು. ಬಹನಾಗಾದ ಆ ಗುಮ್ಟಿಯಲ್ಲಿ ತಂತಿಯ ತುದಿಗೆ ಇಂಥ ಒಂದು ಸರಿಯಾದ ಚೀಟಿ ಇದ್ದಿದ್ದರೆ ಸಾಕಿತ್ತು. ಅಪಘಾತದ ನಂತರ ರೈಲ್ವೆ ಮಂಡಳಿ ಸಿಗ್ನಲ್ ಉಪಕರಣಗಳಿರುವ ರಿಲೇ ಕೊಠಡಿಗಳಿಗೆಲ್ಲ ಎರಡೆರಡು ಬೀಗ ಹಾಕಿಸಿತು. ಒಳಗಿನ ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿ, ನಕ್ಷೆಯೊಂದಿಗೆ ತಾಳೆ ಹಾಕಿ, ಹೊಸ ಚೀಟಿ ಅಂಟಿಸುವ ಕೆಲಸ ಬೀಗದಷ್ಟು ಬೇಗ ಆಗುವುದಿಲ್ಲ. ಅದಕ್ಕೂ ಬ್ಲಾಕ್ ಬೇಕು.